ಯಾರ ಸಂಕಟಕ್ಕೆ ನಮ್ಮ ಕಣ್ಣೀರು?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಂದಿಗೆ ವಿರಹದ ಹಾಡು ಹೊಸದಲ್ಲ. ಮೂಡಲಗಿ ಕಡೆಯ ಕುಲಗೋಡ ತಮ್ಮಣ್ಣ ಕಟ್ಟಿದ ಪಾರಿಜಾತವನ್ನು ಕೇಳಿ ಬೆಳೆದವರು ನಾವು. ಹಾಗೆಯೇ ಬೈಲಹೊಂಗಲ ಕಡೆಯ ಸಣ್ಣಾಟ ‘ಸಂಗ್ಯಾ ಬಾಳ್ಯಾ’ವನ್ನೂ ಬೆಳಗಾಗುವತನಕ ಕೂತು ನೋಡಿದವರು. ಉಳ್ಳವರ ಮನೆಯ ಸಂಗ್ಯಾ, ಈರ್ಯಾನ ಹೆಂಡತಿ ಗಂಗಿಯನ್ನು ಕಂಡು ಮರುಳಾಗುತ್ತಾನೆ, ಕೊರಗುತ್ತಾನೆ. ಕೊನೆಗೆ ಗೆಳೆಯ ಬಾಳ್ಯಾನೇ ಕೈಕೊಟ್ಟು, ಈರ್ಯಾ ಮತ್ತವನ ತಮ್ಮಂದಿರಿಂದ ಕೊಲೆಯಾಗುತ್ತಾನೆ. ನೋಡಿದ ಮಂದಿ ‘ಪಾಪ’ ಅಂತಾರೆ.

ಪಾಪ ಅನ್ನುವುದು ತಪ್ಪಲ್ಲ. ಮಾನದ ಹೆಸರಿನಲ್ಲಿ ಮಾಡಿದರೂ ಕೊಲೆ ಕೊಲೆಯೇ. ಜಾತಿ ಮೀರಿ ಪ್ರೀತಿಸಿದ ಮಕ್ಕಳನ್ನು ಕೊಲ್ಲುವ ಕೈಗಳು ಇವತ್ತೂ ಹೇಳುವುದು ಅದೇ ಮಾನದ ಮಾತನ್ನು. ಆದರೆ ಕೊಲೆಗೆ ಮರುಗುವುದು ಬೇರೆ, ಕೊರಗಿಗೆ ಮರುಗುವುದು ಬೇರೆ. ಸಂಗ್ಯಾನಿಗೆ ಸಂಕಟವಾದರೆ ಓಡಾಡಲು ಗೆಳೆಯನಿದ್ದಾನೆ, ಸುದ್ದಿ ಮುಟ್ಟಿಸಲು ಮುದುಕಿಯಿದ್ದಾಳೆ. ಗಂಗಿಯ ಸಂಕಟಕ್ಕೆ ಯಾರಿದ್ದಾರೆ? ಹೊತ್ತು ಮೂಡುವ ಮೊದಲೇ ಕೂಲಿಗೆ ಹೋಗುವವನಿಗೆ ಹೀಗೆ ಕೊರಗುತ್ತ ಕೂಡಲು ಪುರುಸೊತ್ತಾದರೂ ಎಲ್ಲಿ?

ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳು ಹೀತ್‌ಕ್ಲಿಫ್‌ನನ್ನು ಬಲ್ಲರು. ಎಮಿಲಿ ಬ್ರಾಂಟೆಯ ‘ವುದರಿಂಗ್ ಹೈಟ್ಸ್’ (1847) ಕಾದಂಬರಿಯ ನಾಯಕ. ಲಿವರ್‌ಪೂಲಿನ ಬೀದಿಯಲ್ಲಿ ಸಿಕ್ಕ ಕಪ್ಪು ಮೈಬಣ್ಣದ ತಬ್ಬಲಿ. ಮನೆಯ ಯಜಮಾನ ಹಿಂಡ್ಲಿ ಅವನ ಓದು ಬಿಡಿಸಿ ಆಳು ಮಾಡುತ್ತಾನೆ. ಪ್ರೀತಿಸಿದ ಕ್ಯಾಥರೀನಳೂ ಅವನನ್ನು ಮದುವೆಯಾದರೆ ತನ್ನ ಅಂತಸ್ತು ಕುಗ್ಗುತ್ತದೆ ಅನ್ನುತ್ತಾಳೆ. ಈ ಗಾಯ ನಮಗೆ ಗೊತ್ತು. ನಮ್ಮ ಕೇರಿಗಳ ಮೈಮೇಲೂ ಇದೆ. ಇಲ್ಲಿಯತನಕ ನಮ್ಮ ಮರುಕ ಪೂರ್ತಿ ಅವನಿಗೇ. ಆದರೆ ರೊಕ್ಕವಂತನಾಗಿ ತಿರುಗಿ ಬಂದವನು ಮಾಡಿದ್ದೇನು? ಹಿಂಡ್ಲಿಯ ಮಗನನ್ನು ಅಕ್ಷರವಿಲ್ಲದ ಆಳಾಗಿ ಬೆಳೆಸಿದ. ಸೇಡಿಗಾಗಿ ಕೈಹಿಡಿದ ಇಸಬೆಲ್ಲಾಳನ್ನು ಗೋಳಾಡಿಸಿದ. ಮನೆ, ಹೊಲ ಎಲ್ಲ ಕಬಳಿಸಿ ತಾನೇ ಧಣಿಯಾದ. ಬದಲಾದದ್ದು ಚಾಟಿ ಹಿಡಿದ ಕೈ ಮಾತ್ರ, ಚಾಟಿಯಲ್ಲ.

ಇನ್ನೊಂದು ದಾರಿಯನ್ನು ನಮ್ಮ ಸೀಮೆಯವರೇ ತೋರಿಸಿದ್ದಾರೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಗೋಕಾಕದಲ್ಲಿ ಹೈಸ್ಕೂಲು ಓದಿದ ಚಂದ್ರಶೇಖರ ಕಂಬಾರರು ‘ಸಂಗ್ಯಾ ಬಾಳ್ಯಾ’ವನ್ನು ಸಂಪಾದಿಸಿ ಅಚ್ಚು ಹಾಕಿಸಿದವರು. 1972ರಲ್ಲಿ ಬಿ.ವಿ. ಕಾರಂತರು ಆಡಿಸಿದ ಅವರ ‘ಜೋಕುಮಾರಸ್ವಾಮಿ’ಯಲ್ಲೂ ಪರರ ಹೆಂಡತಿಯನ್ನು ಕೂಡಿ ಕೊಲೆಯಾಗುವ ಗಂಡಸೇ ಇದ್ದಾನೆ. ಆದರೆ ಬಸಣ್ಣ ಕೊರಗುವುದಿಲ್ಲ. ಹೊಲ ನನ್ನದು ಎಂದು ಗೌಡನ ಎದುರು ನಿಲ್ಲುತ್ತಾನೆ. ಮಗುವಿಗಾಗಿ ಹಂಬಲಿಸುವ ಗೌಡ್ತಿಯೂ ಅಲ್ಲಿ ಬಾಯಿಬಿಟ್ಟು ಮಾತಾಡುತ್ತಾಳೆ. ಉಳುವವನಿಗೆ ಹೊಲ ಕೊಡುವ ಕಾಯಿದೆ ಕರ್ನಾಟಕದಲ್ಲಿ ಜಾರಿಗೆ ಬಂದದ್ದು ಅದಾದ ಮೇಲೆ, 1974ರ ಮಾರ್ಚಿಯಲ್ಲಿ. ಬಸಣ್ಣನ ಸಿಟ್ಟು ಅವನೊಬ್ಬನದಾಗಿರಲಿಲ್ಲ.

ಹಾಗಾದರೆ ಕೊರಗುವ ನಾಯಕನಿಗೆ ಮರುಕ ಬೇಡವೆ? ಬೇಕು. ಅವನಿಗಾದ ಗಾಯಕ್ಕೆ ಬೇಕು. ಆ ಗಾಯ ತೋರಿಸಿ ಅವನು ಇನ್ನೊಬ್ಬರಿಗೆ ಕೊಡುವ ಪೆಟ್ಟಿಗೆ ಬೇಡ. ಪಾಠ ಹೇಳುವ ಮಾಸ್ತರರು ಮಕ್ಕಳಿಗೆ ಇಷ್ಟು ಕೇಳಿದರೆ ಸಾಕು: ಇವನ ಸಿಟ್ಟು ತುಳಿದವನ ಮೇಲಿದೆಯೋ, ತನಗಿಂತ ಕೆಳಗಿದ್ದವರ ಮೇಲೋ? ಕಣ್ಣೀರು ಯಾರಿಗೆ ಅಂತ ಆಮೇಲೆ ಅವರೇ ಹೇಳುತ್ತಾರೆ.