ನಂಬರು ಅದೇ, ಯಜಮಾನರು ಬೇರೆ

2020ರ ಜುಲೈ 1ರಂದು ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿ ಸಾವಿರಕ್ಕೂ ಹೆಚ್ಚು ವಾಹನಗಳು ಸಾಲುಗಟ್ಟಿ ನಿಂತಿದ್ದವು. ಕೆಲವು 108ರ ಆಂಬುಲೆನ್ಸುಗಳು, ಉಳಿದವು ಹಳ್ಳಿಗಳಿಗೆ ಹೋಗುವ 104ರ ಸಂಚಾರಿ ಆಸ್ಪತ್ರೆಗಳು. ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ ರೆಡ್ಡಿ ಬಾವುಟ ಬೀಸಿದರು, ಸೈರನ್ ಹಾಕಿಕೊಂಡು ವಾಹನಗಳು ಹೊರಟವು. ನೋಡುವವರಿಗೆ ಅದೊಂದು ಹಬ್ಬ. ಆದರೆ ಅದೇ ದಿನ ಅವರು ಹೇಳಿದ ಸಂಬಳದ ಲೆಕ್ಕ ಈ ಸೇವೆಯ ಚರಿತ್ರೆಗೆ ಹೆಚ್ಚು ಬೆಳಕು ಕೊಡುತ್ತದೆ. 10,000 ರೂಪಾಯಿ ಪಡೆಯುತ್ತಿದ್ದ ಚಾಲಕನಿಗೆ ಸೇವಾವಧಿ ನೋಡಿಕೊಂಡು 28,000ದವರೆಗೆ, 12,000 ಪಡೆಯುತ್ತಿದ್ದ ತುರ್ತು ಚಿಕಿತ್ಸಾ ತಂತ್ರಜ್ಞನಿಗೆ 30,000ದವರೆಗೆ. ಸೇವೆ ಶುರುವಾಗಿ ಹದಿನೈದು ವರ್ಷ ಆಗುತ್ತಾ ಬಂದಿತ್ತು. ಅಲ್ಲಿಯವರೆಗೂ ಸಂಬಳ ಅಷ್ಟರಲ್ಲೇ ನಿಂತಿದ್ದೇಕೆ?

2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಹುಟ್ಟಿತು. ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಕಟ್ಟಿದ ಇಎಂಆರ್‌ಐ ಸಂಸ್ಥೆಯ ಕೂಸು ಅದು. ಅಮೆರಿಕದ 911ರ ಹಾಗೆ ವೈದ್ಯಕೀಯ ನೆರವು, ಪೊಲೀಸ್, ಬೆಂಕಿ ಮೂರಕ್ಕೂ ಒಂದೇ ನಂಬರು. ಚಾಲಕನನ್ನು ಇಲ್ಲಿ ‘ಪೈಲಟ್’ ಎನ್ನುತ್ತಾರೆ. ಹೆಸರು ವಿಮಾನದ್ದು, ಸಂಬಳ ಲಾರಿಯದ್ದು. ಖರ್ಚಿನ ಬಹುಪಾಲು ಸರ್ಕಾರದ ಬೊಕ್ಕಸದಿಂದ ಬಂದರೂ ನೌಕರರು ಸರ್ಕಾರದವರಲ್ಲ.

2009ರ ಜನವರಿ 7ರಂದು ರಾಜು ತಮ್ಮ ಕಂಪನಿಯ ಲೆಕ್ಕ ಸುಳ್ಳೆಂದು ಪತ್ರ ಬರೆದರು. ಕರ್ನಾಟಕದಲ್ಲಿ ಅದೇ ಸಂಸ್ಥೆಯ ‘ಆರೋಗ್ಯ ಕವಚ’ ಶುರುವಾಗಿ ಆಗ ಎರಡು ತಿಂಗಳಷ್ಟೇ ಆಗಿತ್ತು. ಜಿವಿಕೆ ಸಮೂಹ ಮುಂದೆ ಬಂದು ಸಂಸ್ಥೆಯನ್ನು ಉಳಿಸಿತು. ಆಂಧ್ರದಲ್ಲಿ 2017ರ ಕೊನೆಗೆ ಗುತ್ತಿಗೆ ಪುಣೆಯ ಬಿವಿಜಿಗೆ ಹೋಯಿತು. 2020ರಲ್ಲಿ ಅರಬಿಂದೋ ಫಾರ್ಮಾ ಬಳಗಕ್ಕೆ.

ಪ್ರತಿ ಸಲ ವಾಹನದ ಮೇಲಿನ ಲಾಂಛನ ಬದಲಾಯಿತು. ಸ್ಟೀರಿಂಗ್ ಹಿಡಿದವರು ಬಹುಪಾಲು ಅದೇ ಜನ. ಗ್ರಾಚ್ಯುಟಿ ಕಾನೂನು ಒಬ್ಬ ಮಾಲೀಕನ ಬಳಿ ಐದು ವರ್ಷ ಸತತ ಸೇವೆ ಕೇಳುತ್ತದೆ. ಮಾಲೀಕನೇ ಬದಲಾದರೆ ಹಳೆಯ ವರ್ಷಗಳ ಲೆಕ್ಕ ಯಾರ ಖಾತೆಗೆ? ಹೊಸಬರು ಹಳಬರತ್ತ ಕೈ ತೋರಿಸಬಹುದು, ಹಳಬರು ಸರ್ಕಾರದತ್ತ.

ಇನ್ನು ದಿನದ ಕೆಲಸ. ವಾಹನ ಇಪ್ಪತ್ನಾಲ್ಕು ಗಂಟೆ ಸಿದ್ಧವಿರಬೇಕು, ಪಾಳಿ ಹನ್ನೆರಡು ಗಂಟೆಯದು. ಪ್ರತಿ ಪಾಳಿಗೆ ಪೈಲಟ್ ಒಬ್ಬ, ತಂತ್ರಜ್ಞ ಒಬ್ಬ. ಅಂದರೆ ನಾಲ್ವರು ಬೇಕೇ ಬೇಕು. ವಾರದ ರಜೆ, ಕಾಯಿಲೆ, ಮನೆಯ ಮದುವೆ ಎಂದರೆ ಇನ್ನೂ ಕೈ ಬೇಕು. ಬದಲಿ ಆಳಿಲ್ಲದಿದ್ದರೆ ರಾತ್ರಿ ಮುಗಿಸಿದವನೇ ಹಗಲಿಗೂ ಕೂರಬೇಕು. ಆಂಧ್ರ ಸರ್ಕಾರ 2020ರಲ್ಲಿ ಗೊತ್ತು ಮಾಡಿದ ಗುರಿ ನಗರದಲ್ಲಿ 15 ನಿಮಿಷ, ಹಳ್ಳಿಯಲ್ಲಿ 20, ಬುಡಕಟ್ಟು ಪ್ರದೇಶದಲ್ಲಿ 30. ವಾಹನ ಎಷ್ಟು ಹೊತ್ತಿಗೆ ಮುಟ್ಟಿತು ಎಂಬುದನ್ನು ಅಳೆಯುವುದು ಸುಲಭ. ಓಡಿಸಿದವನು ಎಷ್ಟು ಹೊತ್ತಿನಿಂದ ನಿದ್ದೆಗೆಟ್ಟಿದ್ದಾನೆ ಎಂಬುದಕ್ಕೆ ಆ ಗುರಿಯಲ್ಲಿ ಜಾಗವಿಲ್ಲ. ಡೀಸೆಲ್, ಟೈರು, ಔಷಧಿಯ ಬೆಲೆ ಗುತ್ತಿಗೆದಾರನ ಕೈಯಲ್ಲಿಲ್ಲ. ಅವನು ಉಳಿಸಬಹುದಾದದ್ದು ಮುಖ್ಯವಾಗಿ ಜನರ ಮೇಲೆ.

ಪಾಡೇರು, ಅರಕು ಬೆಟ್ಟಗಳಲ್ಲಿ ಆ 30 ನಿಮಿಷ ಎಣಿಸಲು ಮೊದಲು ರಸ್ತೆ ಬೇಕು. ಎಷ್ಟೋ ಗುಡ್ಡದೂರುಗಳಿಂದ ಬಸುರಿಯರನ್ನು ಡೋಲಿ ಕಟ್ಟಿ ಹೆಗಲ ಮೇಲೆ ಕೆಳಗಿಳಿಸಬೇಕು, ವಾಹನ ತಪ್ಪಲಲ್ಲಿ ಕಾಯಬೇಕು.

ಬೆಂಜ್ ಸರ್ಕಲ್‌ನ ಸಮಾರಂಭಕ್ಕೆ ಎರಡು ತಿಂಗಳೂ ಇರಲಿಲ್ಲ. ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದಲ್ಲಿ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿತು. ಮಲಗಿದ್ದವರು ಎದ್ದು ಓಡುತ್ತಾ ರಸ್ತೆಯಲ್ಲೇ ಬಿದ್ದರು. ಆಂಬುಲೆನ್ಸು, ಪೊಲೀಸ್ ವಾಹನ, ಆಟೋ, ಸಿಕ್ಕಿದ್ದರಲ್ಲಿ ಜನರನ್ನು ಕಿಂಗ್ ಜಾರ್ಜ್ ಆಸ್ಪತ್ರೆಗೆ ಸಾಗಿಸಿದರು. ನೂರಾರು ಜನ ಆಸ್ಪತ್ರೆ ಸೇರಿದರು, 12 ಜನ ತೀರಿಕೊಂಡರು. ಆ ಬೆಳಿಗ್ಗೆ ವಿಷಗಾಳಿಯ ಕಡೆಗೆ ಆಂಬುಲೆನ್ಸು ಓಡಿಸಿದವರ ಸಂಬಳ ಇನ್ನೂ ಹಳೆಯದೇ.

ಕರ್ನಾಟಕದ ಕತೆಯೂ ದೂರದ್ದಲ್ಲ. 2022ರ ಸೆಪ್ಟೆಂಬರಿನಲ್ಲಿ ಇಲ್ಲಿನ 108ರ ಕಾಲ್ ಸೆಂಟರ್ ತಾಂತ್ರಿಕ ದೋಷದಿಂದ ಕೈಕೊಟ್ಟಾಗ ರಾಜ್ಯವೇ ಗಾಬರಿಯಾಯಿತು. ಸಂಬಳ ತಡವಾಗುತ್ತಿದೆಯೆಂದು ಸಿಬ್ಬಂದಿ ದೂರುತ್ತಿದ್ದುದೂ ಅದೇ ವರ್ಷ.