ರೋಗಿಯ ಮೇಲಿನ ಹಳೆಯ ಆರೋಪ

ನಮ್ಮ ಖಾಲಾ ಮದುವೆಯ ಊಟಕ್ಕೆ ಕುಳಿತಾಗಲೆಲ್ಲ ಒಂದೇ ಪ್ರಸಂಗ ನಡೆಯುತ್ತದೆ. ಮೀಠಾ ಬಡಿಸಲು ಬಂದವರಿಗೆ ಅವರು ಬೇಡವೆಂದು ಕೈ ಅಡ್ಡ ಹಿಡಿದರೆ ಪಕ್ಕದವರು ತಿರುಗಿ ನೋಡುತ್ತಾರೆ. "ಶುಗರಾ? ಚಿಕ್ಕಂದಿನಲ್ಲಿ ಸಿಹಿ ಜಾಸ್ತಿ ತಿಂದಿರಬೇಕು." ಕೈ ಅಡ್ಡ ಹಿಡಿಯದೆ ಎರಡು ಚಮಚ ಹಾಕಿಸಿಕೊಂಡರೆ ಇನ್ನೊಬ್ಬರು ಹೇಳುತ್ತಾರೆ: "ಶುಗರ್ ಇಟ್ಟುಕೊಂಡು ತಿಂತೀರಲ್ಲ ಆಪಾ, ಹೀಗಾದರೆ ಕಡಿಮೆಯಾಗೋದು ಹೇಗೆ?" ಖಾಲಾ ಸಣಕಲು ದೇಹದ ಹೆಂಗಸು. ಬುದ್ಧಿ ಬಂದಾಗಿನಿಂದ ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆದವರು. ಅವರ ಬಾಲ್ಯದಲ್ಲಿ ಸಿಹಿ ಎಂಬುದು ಎರಡು ಈದ್‌ಗಳಿಗೆ ಮೀಸಲಾದ ಸಂಗತಿಯಾಗಿತ್ತು.

ಈ ಮಾತುಗಳನ್ನು ಆಡುವವರು ಕೆಟ್ಟವರೇನಲ್ಲ. ಅವರು ಎಲ್ಲೋ ಕೇಳಿದ್ದನ್ನು ಹೇಳುತ್ತಾರೆ. ಅವರಿಗೆ ಹೇಳಿದವರೂ ಎಲ್ಲೋ ಕೇಳಿದವರೇ. ಹೀಗೆ ಹಿಂದೆ ಹಿಂದೆ ಹೋದರೆ ನಾವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ.

ಮೊದಲ ತಪ್ಪು ಹೆಸರಿನಲ್ಲೇ ಇದೆ. ಮಧುಮೇಹ, ಸಿಹಿಮೂತ್ರ ರೋಗ, ಸಕ್ಕರೆ ಕಾಯಿಲೆ, ಉರ್ದು ಮನೆಗಳ ಶಕ್ಕರ್ ಕೀ ಬೀಮಾರಿ, ಈಗ ಎಲ್ಲರ ಬಾಯಲ್ಲಿರುವ ಶುಗರ್ - ಇವೆಲ್ಲವೂ ರೋಗದ ಒಂದು ಲಕ್ಷಣದ ಹೆಸರುಗಳು. ಕೇಳುವವರು ಅದನ್ನೇ ಕಾರಣವೆಂದು ತಿಳಿಯುತ್ತಾರೆ. ಜ್ವರ ಬಂದವನ ಮೈ ಸುಡುತ್ತದೆ, ಆದ್ದರಿಂದ ಅವನು ಒಲೆಯ ಮುಂದೆ ಕುಳಿತೇ ಜ್ವರ ಬರಿಸಿಕೊಂಡ ಎಂದು ಯಾರೂ ಹೇಳುವುದಿಲ್ಲ. ಶುಗರ್ ವಿಷಯದಲ್ಲಿ ಮಾತ್ರ ಹಾಗೆ ಹೇಳುತ್ತೇವೆ. ಸಕ್ಕರೆ ಪೂರ್ತಿ ನಿರಪರಾಧಿಯೆಂದಲ್ಲ. ಸಿಹಿ ಪಾನೀಯಗಳನ್ನು ದಿನವೂ ಕುಡಿಯುವವರಲ್ಲಿ ಈ ರೋಗದ ಅಪಾಯ ಹೆಚ್ಚು. ಆದರೆ ಸಕ್ಕರೆ ಬಿಟ್ಟು ಬೆಲ್ಲ, ಜೇನು, ಖರ್ಜೂರವನ್ನು ಮನಸಾರೆ ತಿನ್ನಿ ಎಂದು ಸಲಹೆ ಕೊಡುವವರಿಗೆ, ತಟ್ಟೆಯ ತುಂಬ ಇರುವ ಅನ್ನವೂ ಹೊಟ್ಟೆಯಲ್ಲಿ ಗ್ಲೂಕೋಸ್ ಆಗುತ್ತದೆಂಬುದು ನೆನಪಿರುವುದಿಲ್ಲ.

ಸುಶ್ರುತ ಸಂಹಿತೆಯಲ್ಲಿ ಈ ರೋಗದ ವಿವರವಾದ ವರ್ಣನೆಯಿದೆ. ಅಲ್ಲಿ ಪ್ರಮೇಹವನ್ನು ಎರಡಾಗಿ ವಿಂಗಡಿಸಲಾಗಿದೆ: ಹುಟ್ಟಿನಿಂದಲೇ ಬಂದದ್ದು ಮತ್ತು ಅಪಥ್ಯದಿಂದ ಬಂದದ್ದು. ಮೊದಲನೆಯವನು ಕೃಶ, ಎರಡನೆಯವನು ಸ್ಥೂಲ. ಕುಳಿತು, ಮಲಗಿ, ತಿಂದು ಕಾಲ ಕಳೆಯುವವನಿಗೆ ಇದು ಬರುತ್ತದೆ ಎಂಬ ವಿವರಣೆ ಅಲ್ಲಿಂದ ಮುಂದೆ ಎಲ್ಲೆಡೆ ಹರಡಿತು. ಆದರೆ ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ಇನ್ನೊಂದು ಮಾತಿದೆ. ಅದನ್ನು ಉಲ್ಲೇಖಿಸುವವರು ಕಡಿಮೆ. ಹಣವಿಲ್ಲದ, ಬಂಧುಗಳಿಲ್ಲದ ರೋಗಿಯು ಪಾದರಕ್ಷೆ, ಕೊಡೆಗಳಿಲ್ಲದೆ, ಭಿಕ್ಷೆಯ ಅನ್ನ ಉಣ್ಣುತ್ತ, ಒಂದೂರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಇಲ್ಲವೇ ಉಳಬೇಕು, ಬಾವಿ ತೋಡಬೇಕು ಎಂಬ ಅರ್ಥದ ಸಲಹೆಗಳು ಅಲ್ಲಿವೆ. ಅಂದರೆ ಆ ಕಾಲದಲ್ಲೂ ಬಡವರಿಗೆ ಈ ರೋಗ ಬರುತ್ತಿತ್ತು. ಶ್ರೀಮಂತರ ಕಾಯಿಲೆ ಎಂಬ ಮಾತು ಆಗಲೂ ಪೂರ್ತಿ ನಿಜವಾಗಿರಲಿಲ್ಲ.

ಗ್ರೀಕರಲ್ಲಿ ಕಪಡೋಸಿಯದ ಅರೆಟಿಯಸ್ ಈ ರೋಗದ ದಾಹವನ್ನೂ ಸೊರಗುವಿಕೆಯನ್ನೂ ಬರೆದಿಟ್ಟ. ಗ್ರೀಕ್ ಪದವು ಅರಬಿಯ ಮೂಲಕ ಹಾದು ಉರ್ದುವಿನ ಝಿಯಾಬೀತಸ್ ಆಯಿತು. ಕುಡಿದ ನೀರು ನಿಲ್ಲದೆ ಹೊರಹೋಗುವುದನ್ನು ಕಂಡ ಅರಬ್ ವೈದ್ಯರು ಇದಕ್ಕೆ ದೂಲಾಬ್, ಅಂದರೆ ನೀರೆತ್ತುವ ಚಕ್ರ, ಎಂಬ ಹೆಸರನ್ನೂ ಇಟ್ಟಿದ್ದರು. ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ಈ ರೋಗದವರ ಗಾಯ ಕೊಳೆಯುವುದನ್ನೂ ಲೈಂಗಿಕ ಶಕ್ತಿ ಕುಂದುವುದನ್ನೂ ಗುರುತಿಸಿದ್ದರು. ಅಬ್ದುಲ್ಲತೀಫ್ ಅಲ್ ಬಗ್ದಾದಿ (1162-1231) ಮಧುಮೇಹದ ಮೇಲೆಯೇ ಒಂದು ಪ್ರತ್ಯೇಕ ಪ್ರಬಂಧ ಬರೆದರು. ಇದೇ ಬಗ್ದಾದಿ ಈಜಿಪ್ಟ್‌ನಲ್ಲಿ ಅಸ್ಥಿಪಂಜರಗಳನ್ನು ಕಣ್ಣಾರೆ ಪರೀಕ್ಷಿಸಿ, ಕೆಳದವಡೆಯಲ್ಲಿ ಎರಡು ಮೂಳೆಗಳಿವೆ ಎಂಬ ಗ್ಯಾಲನ್‌ನ ಮಾತು ತಪ್ಪೆಂದು ಹೇಳಿದವರು. ಕೇಳಿದ್ದಕ್ಕಿಂತ ಕಂಡದ್ದನ್ನು ನಂಬುವ ಈ ಗುಣ ಮಧುಮೇಹದ ಚರಿತ್ರೆಯಲ್ಲಿ ಮತ್ತೆ ಮತ್ತೆ ಬೇಕಾಯಿತು, ಆದರೆ ಅಷ್ಟು ಸುಲಭವಾಗಿ ಸಿಗಲಿಲ್ಲ.

ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ 1670ರ ದಶಕದಲ್ಲಿ ಮೂತ್ರದ ಸಿಹಿಯ ಬಗ್ಗೆ ಬರೆದಾಗ ಕಾರಣವಾಗಿ ಗೆಳೆಯರ ಕೂಟದ ದ್ರಾಕ್ಷಾರಸವನ್ನು ಹೆಸರಿಸಿದ. ದೀರ್ಘ ದುಃಖವನ್ನೂ ಸೇರಿಸಿದ. 1776ರಲ್ಲಿ ಲಿವರ್‌ಪೂಲ್‌ನ ಮ್ಯಾಥ್ಯೂ ಡಾಬ್ಸನ್ ಮೂತ್ರದಲ್ಲಿರುವುದು ಸಕ್ಕರೆಯೇ ಎಂದು ತೋರಿಸಿದ. ರೋಗಿಯ ರಕ್ತದ ನೀರಿನಲ್ಲೂ ಸಿಹಿಯಿರುವುದನ್ನು ಕಂಡ. ರೋಗ ಮೂತ್ರಪಿಂಡದ್ದಲ್ಲ, ಇಡೀ ದೇಹದ್ದು ಎಂಬ ಅರಿವಿಗೆ ಅದು ದಾರಿ ಮಾಡಿತು. 1870-71ರಲ್ಲಿ ಪ್ಯಾರಿಸ್ ಮುತ್ತಿಗೆಗೆ ಒಳಗಾಗಿ ನಗರ ಹಸಿದಾಗ ಕೆಲವು ರೋಗಿಗಳ ಮೂತ್ರದಿಂದ ಸಕ್ಕರೆ ಮಾಯವಾದುದನ್ನು ಬುಶಾರ್ದಾ ಎಂಬ ವೈದ್ಯ ಗಮನಿಸಿದ. ಗಮನಿಸಿದ್ದು ಸರಿಯಾಗಿಯೇ ಇತ್ತು. ಆದರೆ ಅದರ ಬೆನ್ನಿಗೆ ರೋಗಿಯನ್ನು ಸಂಶಯದಿಂದ ನೋಡುವ ಕಾಲವೂ ಬಂತು. ನೇಪಲ್ಸ್‌ನ ಕಂತಾನಿ ತನ್ನ ರೋಗಿಗಳು ಕದ್ದು ತಿನ್ನದಂತೆ ಅವರನ್ನು ಕೋಣೆಯಲ್ಲಿಟ್ಟು ಬೀಗ ಹಾಕಿಸುತ್ತಿದ್ದ. ಸಕ್ಕರೆ ಏರಿದರೆ ರೋಗಿ ಸುಳ್ಳು ಹೇಳುತ್ತಿದ್ದಾನೆಂದೇ ಅರ್ಥ! ಇಂದು ರಿಪೋರ್ಟ್ ನೋಡಿದ ತಕ್ಷಣ "ಏನು ತಿಂದಿರಿ?" ಎಂದು ಗದರುವ ದನಿಯಲ್ಲಿ ಆ ಬೀಗದ ಸದ್ದು ಸ್ವಲ್ಪ ಉಳಿದಿದೆ ಎಂದು ನನಗೆ ಅನಿಸುತ್ತದೆ. ಅಮೆರಿಕದ ದೊಡ್ಡ ಮಧುಮೇಹ ತಜ್ಞ ಎಲಿಯಟ್ ಜೋಸ್ಲಿನ್ ಕೂಡ 1921ರಲ್ಲಿ ಈ ರೋಗವನ್ನು ಬೊಜ್ಜಿಗೆ ತೆರುವ ದಂಡವೆಂಬ ಅರ್ಥದಲ್ಲಿ ಬರೆದರು.

ಒಬ್ಬ ರೋಗಿಯನ್ನು ದೂರುವುದು ಅಭ್ಯಾಸವಾದ ಮೇಲೆ ಒಂದು ಸಮುದಾಯವನ್ನು ದೂರುವುದು ಕಷ್ಟವಲ್ಲ. 19ನೇ ಶತಮಾನದ ಕೊನೆಯಿಂದ ಯೂರೋಪ್ ಮತ್ತು ಅಮೆರಿಕದ ವೈದ್ಯರು ಇದನ್ನು 'ಯಹೂದಿಗಳ ರೋಗ' ಎಂದು ಕರೆದರು. ಯಹೂದಿಗಳ ನರಗಳು ದುರ್ಬಲ, ಅವರದು ಸುಖದ ಜೀವನ ಎಂದೆಲ್ಲ ವಿವರಣೆ ಕೊಟ್ಟರು. ನಗರದ ಕೊಳೆಗೇರಿಗಳಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಯಹೂದಿ ಬಡವರು ಆ ವಿವರಣೆಯಲ್ಲಿ ಕಾಣಿಸಲೇ ಇಲ್ಲ. ಮುಂದೆ ಅದೇ ಅಮೆರಿಕದಲ್ಲಿ ಬೆರಳು ಮೂಲನಿವಾಸಿಗಳ ಕಡೆಗೂ ಕಪ್ಪು ಜನರ ಕಡೆಗೂ ತಿರುಗಿತು. ಇತಿಹಾಸಕಾರ್ತಿ ಆರ್ಲೀನ್ ಟಕ್‌ಮನ್ 2020ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ಬಿಡಿಸಿಟ್ಟಿದ್ದಾರೆ. ನಮ್ಮಲ್ಲಿ ಬ್ರಿಟಿಷರ ಕಾಲದಲ್ಲಿ ಆ ಸ್ಥಾನ ಬಂಗಾಳದ ಓದಿದ ಬಾಬುಗಳಿಗೆ ದಕ್ಕಿತ್ತು. ಬಿರಿಯಾನಿಯ ಹೆಸರಿನಲ್ಲಿ ಮುಸ್ಲಿಮರನ್ನೂ ತುಪ್ಪದ ಹೆಸರಿನಲ್ಲಿ ಇನ್ನೊಬ್ಬರನ್ನೂ ಹೀಯಾಳಿಸುವ ಇಂದಿನ ಹರಟೆ ಆ ಪರಂಪರೆಯದೇ.

1922ರ ಜನವರಿ 11ರಂದು ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಸಾವಿನ ಬಾಗಿಲಲ್ಲಿದ್ದ ಮಕ್ಕಳು ಎದ್ದು ಕುಳಿತರು. ಅಲ್ಲಿಂದ ಹೊಸ ತಪ್ಪು ತಿಳಿವಳಿಕೆಗಳೂ ಹುಟ್ಟಿದವು. ಆಗ ಇನ್ಸುಲಿನ್ ಬರುತ್ತಿದ್ದುದು ಹಸು ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ. ಹಿಂದೂ ಮುಸ್ಲಿಮ್ ಇಬ್ಬರಿಗೂ ಅದು ಇಕ್ಕಟ್ಟಿನ ವಿಷಯವೇ. ಆದರೆ 1982ರಿಂದ ಬ್ಯಾಕ್ಟೀರಿಯಾಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂದಿದೆ, ಇಂದು ಬಳಕೆಯಲ್ಲಿರುವುದು ಬಹುಪಾಲು ಇಂಥದ್ದೇ. ಹಾಗಿದ್ದೂ "ಅದರಲ್ಲಿ ಹರಾಮ್ ಇದೆಯಂತೆ" ಎಂಬ ಪಿಸುಮಾತು ಇನ್ನೂ ಕೇಳಿಸುತ್ತದೆ.

ಎಲ್ಲರ ರೋಗವೂ ಇನ್ಸುಲಿನ್ನಿನ ಕೊರತೆಯಿಂದ ಬಂದದ್ದಲ್ಲ ಎಂದು 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ತೋರಿಸಿದರು. ಕೆಲವರ ದೇಹ ಇನ್ಸುಲಿನ್ನಿಗೆ ಸರಿಯಾಗಿ ಓಗೊಡುವುದಿಲ್ಲ. ಮುಂದೆ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬರ್ಸನ್ ರಕ್ತದ ಇನ್ಸುಲಿನ್ ಅಳೆಯುವ ವಿಧಾನ ಕಂಡುಹಿಡಿದು, ದೊಡ್ಡ ವಯಸ್ಸಿನ ಅನೇಕ ರೋಗಿಗಳ ರಕ್ತದಲ್ಲಿ ಇನ್ಸುಲಿನ್ ಸಾಕಷ್ಟು ಇದೆಯೆಂದು 1960ರಲ್ಲಿ ಪ್ರಕಟಿಸಿದರು. ಇಂದು ಟೈಪ್ 2 ಎನ್ನುವುದು ಇದನ್ನೇ. ದೇಹ ಓಗೊಡದಿರುವುದು, ಕಾಲಕ್ರಮೇಣ ಗ್ರಂಥಿ ದಣಿಯುವುದು, ಇವೆರಡೂ ಸೇರಿ ಈ ರೋಗ.

ಆದರೆ ಸಣಕಲು ದೇಹದ ನಮ್ಮ ಖಾಲಾಗೆ ಇದು ಏಕೆ ಬಂತು? ಉತ್ತರದ ಒಂದು ಎಳೆ ಮೈಸೂರಿನಲ್ಲೇ ಸಿಕ್ಕಿತು. ಮಂಡಿ ಮೊಹಲ್ಲಾದಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ. 1906ರಲ್ಲಿ ಆರಂಭವಾದದ್ದು. ಸುತ್ತಲಿನ ಮೊಹಲ್ಲಾಗಳ ಹಿಂದೂ, ಮುಸ್ಲಿಮ್, ಕ್ರೈಸ್ತ ತಾಯಂದಿರ ಹೆರಿಗೆಗಳು ಅಲ್ಲಿ ಆಗುತ್ತಿದ್ದವು. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಪ್ಪ ರಿಜಿಸ್ಟರುಗಳಲ್ಲಿ ಬರೆದಿಡುತ್ತಿದ್ದರು. ಆ ದಾದಿಯರಿಗೆ ತಾವು ಚರಿತ್ರೆ ಬರೆಯುತ್ತಿದ್ದೇವೆಂಬ ಕಲ್ಪನೆ ಇದ್ದಿರಲಾರದು.

1991ರಲ್ಲಿ ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಮತ್ತು ನಿಕೊಲಸ್ ಹೇಲ್ಸ್ ಹರ್ಟ್‌ಫರ್ಡ್‌ಶೈರ್‌ನ ಇಂಥದೇ ಹಳೆಯ ದಾಖಲೆಗಳನ್ನು ಹಿಡಿದು, ಹುಟ್ಟುವಾಗ ಕಡಿಮೆ ತೂಕವಿದ್ದವರಿಗೆ ಮುಂದೆ ಸಕ್ಕರೆಯ ತೊಂದರೆ ಹೆಚ್ಚೆಂದು ತೋರಿಸಿದ್ದರು. ಗರ್ಭದಲ್ಲಿ ಉಪವಾಸವಿದ್ದ ಶಿಶು ಮಿತವ್ಯಯದ ದೇಹವನ್ನು ಕಟ್ಟಿಕೊಳ್ಳುತ್ತದೆ, ಮುಂದೆ ಊಟ ಹೆಚ್ಚಾದಾಗ ಆ ದೇಹ ತಡೆಯಲಾರದು ಎಂಬುದು ಅವರ ವಾದ. ಭಾರತದಲ್ಲಿ ಇದನ್ನು ಪರೀಕ್ಷಿಸಲು ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಮಿಷನ್ ಆಸ್ಪತ್ರೆಯ ರಿಜಿಸ್ಟರುಗಳನ್ನು ತೆರೆದರು. ಆಸ್ಪತ್ರೆಯ ಸುತ್ತಲಿನ ಮನೆಮನೆಗೆ ಹೋಗಿ, ಅಲ್ಲಿ ಹುಟ್ಟಿ ಈಗ ನಡುವಯಸ್ಸಿಗೆ ಬಂದವರನ್ನು ಹುಡುಕಿದರು. 506 ಜನರನ್ನು ಪರೀಕ್ಷಿಸಿದ ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಮೈಸೂರು ಇಂಗ್ಲೆಂಡಿನ ಉತ್ತರವನ್ನೇ ಕೊಡಲಿಲ್ಲ. ಇಲ್ಲಿ ಮಧುಮೇಹ ಹೆಚ್ಚಿದ್ದುದು ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ. ಬಾಲ್ಯದಲ್ಲಿ ಸರಿಯಾಗಿ ಉಣ್ಣದ ತಾಯಿ ಮುಂದೆ ಮೈ ತುಂಬಿಕೊಂಡಾಗ ಅವಳ ರಕ್ತದ ಸಕ್ಕರೆ ಬಸಿರಿನಲ್ಲಿ ಏರಿ ಮಗುವಿನ ಮೇಲೂ ಪರಿಣಾಮ ಬೀರಿರಬಹುದೆಂದು ಸಂಶೋಧಕರು ಊಹಿಸಿದರು. ಇದನ್ನು ನೋಡಲು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರ ಹೊಸ ಅಧ್ಯಯನ ಆರಂಭಿಸಿದರು. ಅವರಲ್ಲಿ ನೂರಕ್ಕೆ ಆರು ಮಂದಿಗೆ ಬಸಿರಿನ ಮಧುಮೇಹ ಕಂಡುಬಂತು. ಅಂಥ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಐದನೇ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಉಳಿದವರಿಗಿಂತ ಹೆಚ್ಚಿದ್ದವು. ಮೀಠಾದ ತಟ್ಟೆ ಎದುರು ಬರುವ ಮೊದಲೇ ಕಥೆಯ ಒಂದು ಭಾಗ ನಡೆದುಹೋಗಿರುತ್ತದೆ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಚಿತ್ರ ಪ್ರಕಟಿಸಿದರು. ಅವರೂ ಅವರ ಇಂಗ್ಲಿಷ್ ಮಿತ್ರ ಜಾನ್ ಯುಡ್ಕಿನ್ ಅವರೂ ಅಕ್ಕಪಕ್ಕದಲ್ಲಿದ್ದಾರೆ. ಎತ್ತರ ತೂಕಗಳ ಲೆಕ್ಕದ ಸೂಚ್ಯಂಕ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಕಣ್ಣಿಗೆ ತೆಳ್ಳಗೆ, ಒಳಗೆ ದಪ್ಪ. "ಇಷ್ಟು ಸಣ್ಣಗಿದ್ದೀರಿ, ನಿಮಗೆಲ್ಲಿಯ ಶುಗರ್?" ಎನ್ನುವವರಿಗೆ ಈ ಚಿತ್ರ ತೋರಿಸಬೇಕು.

1970ರ ದಶಕದ ಐಸಿಎಂಆರ್ ಸಮೀಕ್ಷೆಯಲ್ಲಿ ನಗರದಲ್ಲಿ ಶೇ. 2.1, ಹಳ್ಳಿಗಳಲ್ಲಿ ಶೇ. 1.5 ಜನರಿಗೆ ಮಧುಮೇಹವಿತ್ತು. 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಗರದಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ದೇಶದ ಒಟ್ಟು ರೋಗಿಗಳು ಸುಮಾರು 10 ಕೋಟಿ. ಹತ್ತು ಕೋಟಿ ಜನರೂ ಬಾಯಿಚಪಲದವರೇ? ಬದಲಾದದ್ದು ಕೆಲಸ, ಆಹಾರ, ಓಡಾಟ. ದಿನವಿಡೀ ಬೀಡಿ ಕಟ್ಟುವವಳು, ಊದುಬತ್ತಿ ಹೊಸೆಯುವವಳು ಬಡವಿಯಾದರೂ ಕುಳಿತೇ ಇರುತ್ತಾಳೆ. ರೇಷನ್ ಅಕ್ಕಿಯ ಅನ್ನವೇ ಅವಳ ಊಟ. ನಡಿಗೆಯ ಸಲಹೆ ಕೊಡುವುದು ಸುಲಭ. ಅವಳು ಎಲ್ಲಿ, ಯಾವ ಹೊತ್ತಿನಲ್ಲಿ ನಡೆಯಬೇಕೆಂದು ಯಾರೂ ಹೇಳುವುದಿಲ್ಲ.

ಇನ್ನು ಸೂಜಿಯ ಭಯ. "ಇನ್ಸುಲಿನ್ ಶುರುವಾಯಿತು ಎಂದರೆ ಮುಗಿಯಿತು" ಎಂಬ ಮಾತು ಜೀವಕ್ಕೆ ಹೆಚ್ಚು ಹಾನಿ ಮಾಡಿದೆ. 1998ರಲ್ಲಿ ಫಲಿತಾಂಶ ಹೊರಬಂದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ 5,102 ಟೈಪ್ 2 ರೋಗಿಗಳಿದ್ದರು. ಒಂಬತ್ತು ವರ್ಷಗಳಾಗುವಾಗ ಒಂದೇ ಔಷಧಿಯಲ್ಲಿ ಸಕ್ಕರೆ ಹತೋಟಿಯಲ್ಲಿದ್ದವರು ಸುಮಾರು ನಾಲ್ಕರಲ್ಲಿ ಒಬ್ಬರು ಮಾತ್ರ. ರೋಗವೇ ಮುಂದುವರಿಯುವ ಸ್ವಭಾವದ್ದು. ಮಾತ್ರೆ ಹೆಚ್ಚಾದರೆ, ಇನ್ಸುಲಿನ್ ಬಂದರೆ ಅದು ರೋಗಿಯ ಸೋಲಲ್ಲ. ಇದು ತಿಳಿಯದ ಎಷ್ಟೋ ಮಂದಿ ನೆಂಟರ ಮಾತು ಕೇಳಿ ಮದ್ದು ಬಿಟ್ಟು ಹಾಗಲಕಾಯಿ ರಸಕ್ಕೆ ಮೊರೆಹೋಗಿ ಕಣ್ಣು, ಕಾಲು ಕಳೆದುಕೊಂಡಿದ್ದಾರೆ. ಮಗಳ ಸಂಬಂಧಕ್ಕೆ ಅಡ್ಡಿಯಾದೀತೆಂದು ಮದ್ದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಡುವ ತಾಯಂದಿರೂ ಇದ್ದಾರೆ.

ಬಚ್ಚಿಡದೆ ಬದುಕುವುದನ್ನು ರೋಗಿಗಳೇ ಕಲಿಸಿದ ಒಂದು ಪ್ರಸಂಗವಿದೆ. ಲಂಡನ್ನಿನಲ್ಲಿ ಇನ್ಸುಲಿನ್ನಿನಿಂದ ಜೀವ ಉಳಿಸಿಕೊಂಡ ಡಾ. ಆರ್.ಡಿ. ಲಾರೆನ್ಸ್, ದೊಡ್ಡ ವಯಸ್ಸಿನಲ್ಲಿ ಮಧುಮೇಹ ಕಾಣಿಸಿಕೊಂಡ ಖ್ಯಾತ ಲೇಖಕ ಎಚ್.ಜಿ. ವೆಲ್ಸ್ ಇಬ್ಬರೂ ಸೇರಿ 1934ರಲ್ಲಿ ಮಧುಮೇಹಿಗಳ ಸಂಘ ಕಟ್ಟಿದರು. ನನಗೂ ಈ ರೋಗವಿದೆ ಎಂದು ಪ್ರಸಿದ್ಧರೊಬ್ಬರು ಬಹಿರಂಗವಾಗಿ ಹೇಳುವುದು ಆಗ ಸಣ್ಣ ಸಂಗತಿಯಾಗಿರಲಿಲ್ಲ.

ನಮ್ಮಲ್ಲಿ ಈ ಪರೀಕ್ಷೆ ರಮಝಾನ್‌ನಲ್ಲಿ ಎದುರಾಗುತ್ತದೆ. ಭಾರತವೂ ಸೇರಿ 13 ದೇಶಗಳಲ್ಲಿ 2001ರಲ್ಲಿ ನಡೆದ ಅಧ್ಯಯನದಲ್ಲಿ ಟೈಪ್ 2 ರೋಗಿಗಳಲ್ಲಿ ಸುಮಾರು ಶೇ. 79 ಮಂದಿ ಕನಿಷ್ಠ 15 ದಿನ ಉಪವಾಸವಿದ್ದರು. ಅವರಲ್ಲಿ ಸಕ್ಕರೆ ಅಪಾಯಕಾರಿಯಾಗಿ ಕುಸಿಯುವ ಪ್ರಸಂಗಗಳು ಬೇರೆ ತಿಂಗಳುಗಳಿಗಿಂತ ಏಳು ಪಟ್ಟಿಗೂ ಹೆಚ್ಚು. ವೈದ್ಯರ ಸಲಹೆಯಂತೆ ಮದ್ದು ಬದಲಿಸಿಕೊಂಡು ಸುರಕ್ಷಿತವಾಗಿ ಉಪವಾಸವಿರುವವರು ಬಹಳ ಮಂದಿ. ಇರಲಾಗದವರಿಗೆ ಪವಿತ್ರ ಕುರ್‌ಆನ್ ಅಲ್ ಬಕರಾ ಅಧ್ಯಾಯದ 184 ಮತ್ತು 185ನೇ ಸೂಕ್ತಗಳಲ್ಲಿ ವಿನಾಯಿತಿ ಕೊಟ್ಟಿದೆ. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲವೆಂದು 2016ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಹೇಳಿದೆ. ಅಲ್ಲಾಹನು ಕೊಟ್ಟ ವಿನಾಯಿತಿಯನ್ನು ನೆರೆಹೊರೆಯವರು ಕೊಡುವುದಿಲ್ಲ ಎಂಬುದೇ ತೊಡಕು.

ಖಾಲಾಗೆ ಡಾಕ್ಟರು ಉಪವಾಸ ಬೇಡವೆಂದು ಹೇಳಿ ಕೆಲವು ವರ್ಷಗಳಾದವು. ಫಿದ್ಯಾ ಕೊಡುತ್ತಾರೆ. ಆದರೂ ಮೊದಮೊದಲು ಅಡುಗೆಮನೆಯ ಬಾಗಿಲು ಹಾಕಿಕೊಂಡು ರೊಟ್ಟಿ ತಿನ್ನುತ್ತಿದ್ದರು. ಹೊರಗೆ ಹೆಜ್ಜೆ ಸದ್ದಾದರೆ ತಟ್ಟೆ ಮುಚ್ಚುತ್ತಿದ್ದರು. ಕಳೆದ ರಮಝಾನ್‌ನ ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ. ಪಕ್ಕದ ಮನೆಯ ಸೊಸೆ ಏನೋ ಕೇಳಲು ಬಂದವಳು ತಟ್ಟೆ ನೋಡಿ ಹೊಸ್ತಿಲಲ್ಲೇ ನಿಂತಳು. ಖಾಲಾ ತಟ್ಟೆ ಮುಚ್ಚಲಿಲ್ಲ. ಕೈಯಲ್ಲಿದ್ದ ತುತ್ತು ಮುಗಿಸಿ, ಮಾತ್ರೆ ನುಂಗಿ, ನೀರು ಕುಡಿದು, "ಒಳಗೆ ಬಾ, ಕೂತ್ಕೋ, ಹೇಳ್ತೀನಿ" ಎಂದರು.