ವೇದ, ದ್ರವ್ಯಲಿಂಗ ಮತ್ತು ಕಡಲಾಮೆಯ ಮೊಟ್ಟೆ: ಒಂದು ಪಾಠವಿಚಾರ

ಪ್ರಾಣಿಯು ಗಂಡಾಗುವುದನ್ನು ಅಥವಾ ಹೆಣ್ಣಾಗುವುದನ್ನು ನಿರ್ಣಯಿಸುವುದು ಯಾವುದು ಎಂಬ ಪ್ರಶ್ನೆ ಇಂದು ಜೀವಶಾಸ್ತ್ರಕ್ಕೆ ಸೇರಿದ್ದು. ಆದರೆ ಜೈನ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳನ್ನು ಓದುವವರಿಗೆ ಇದು ಹೊಸ ಪ್ರಶ್ನೆಯಲ್ಲ. ಷಟ್ಖಂಡಾಗಮದ ಒಂದು ಸೂತ್ರದಲ್ಲಿ ಒಂದೇ ಒಂದು ಪದ ಇರಬೇಕೆ ಬೇಡವೆ ಎಂಬ ವಿವಾದವು 1940ರ ದಶಕದಲ್ಲಿ ದಿಗಂಬರ ವಿದ್ವಾಂಸರನ್ನು ಎರಡು ಪಕ್ಷಗಳನ್ನಾಗಿ ಮಾಡಿತು. ಆ ವಿವಾದದ ಬೇರು ‘ಸ್ತ್ರೀ’ ಎಂದರೆ ಏನು ಎಂಬಲ್ಲಿಯೇ ಇದ್ದಿತು.

ಧವಲಾ ಟೀಕೆಯು ಹೇಳುವ ಪರಂಪರೆಯಂತೆ ಪುಷ್ಪದಂತಾಚಾರ್ಯರು ಆ ಆಗಮದ ಮೊದಲ ಭಾಗವಾದ ಸತ್ಪ್ರರೂಪಣೆಯ ಸೂತ್ರಗಳನ್ನು ರಚಿಸಿದ್ದು ವನವಾಸ ದೇಶದಲ್ಲಿ, ಅಂದರೆ ಬನವಾಸಿಯ ನಾಡಿನಲ್ಲಿ. ವಿವಾದಕ್ಕೆ ಒಳಗಾದ ಸೂತ್ರವೂ ಈ ಭಾಗದ್ದೇ. ಬನವಾಸಿಯು ಇಂದು ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿದೆ. ಅದೇ ಜಿಲ್ಲೆಯ ಕಾರವಾರ, ಅಂಕೋಲೆಗಳ ಕಡಲತೀರದಲ್ಲಿ ಕಾಣಸಿಗುವ ಎರಡು ಜೀವಿಗಳ ಲಿಂಗವೃತ್ತಾಂತವನ್ನು ಈ ಪಾಠದೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರಾಚೀನರು ಆಧುನಿಕ ವಿಜ್ಞಾನವನ್ನು ಮೊದಲೇ ಅರಿತಿದ್ದರೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ.

1. ಶಾಸ್ತ್ರದ ವಿಭಾಗಕ್ರಮ

ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯವು ಜನ್ಮವನ್ನು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರಾಗಿ ವಿಂಗಡಿಸುತ್ತದೆ. ಗರ್ಭಜನ್ಮವುಳ್ಳವು ಜರಾಯುಜ, ಅಂಡಜ, ಪೋತ ಎಂದು ಮತ್ತೆ ಮೂರು ಬಗೆ. ಲಿಂಗವಿಚಾರವನ್ನು ಸೂತ್ರಕಾರರು ಈ ಜನ್ಮವಿಚಾರಕ್ಕೇ ಜೋಡಿಸಿದ್ದಾರೆ. ನಾರಕಿಗಳೂ ಸಮ್ಮೂರ್ಛನ ಜೀವಿಗಳೂ ನಪುಂಸಕರು, ದೇವತೆಗಳಲ್ಲಿ ನಪುಂಸಕರಿಲ್ಲ, ಉಳಿದ ಗರ್ಭಜರಲ್ಲಿ ಮೂರು ವೇದಗಳೂ ಉಂಟು. ಹೀಗೆ ಹುಟ್ಟಿನ ರೀತಿಯು ಲಿಂಗದ ಸಾಧ್ಯತೆಗಳಿಗೆ ಎಲ್ಲೆಯನ್ನು ಹಾಕುತ್ತದೆ.

ಪೂಜ್ಯಪಾದರ ಸರ್ವಾರ್ಥಸಿದ್ಧಿಯು ಲಿಂಗವನ್ನು ದ್ರವ್ಯಲಿಂಗ, ಭಾವಲಿಂಗ ಎಂದು ಎರಡಾಗಿ ವಿವರಿಸುತ್ತದೆ. ಶರೀರದ ಅವಯವರಚನೆ ದ್ರವ್ಯಲಿಂಗ. ಅದಕ್ಕೆ ಕಾರಣ ನಾಮಕರ್ಮದ ಉದಯ. ಒಳಗಿನ ಅಭಿಲಾಷೆ ಭಾವಲಿಂಗ. ಅದಕ್ಕೆ ಕಾರಣ ಮೋಹನೀಯದ ಪ್ರಭೇದವಾದ ನೋಕಷಾಯದ ಉದಯ. ಕಾರಣಗಳು ಬೇರೆಯಾದ್ದರಿಂದ ಕಾರ್ಯಗಳೂ ಬೇರೆಯಾಗಬಹುದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೊಮ್ಮಟಸಾರವು ಇವೆರಡೂ ಪ್ರಾಯಶಃ ಸಮವಾಗಿರುತ್ತವೆ, ಕೆಲವೆಡೆ ವಿಷಮವಾಗಿರುತ್ತವೆ ಎಂದು ಒಪ್ಪುತ್ತದೆ. ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ಮುಗಿಸಿದನು. ಇದರಿಂದ ಈ ಸೂಕ್ಷ್ಮಚರ್ಚೆ ಸಂಸ್ಕೃತ ಪ್ರಾಕೃತಗಳನ್ನು ದಾಟಿ ಕನ್ನಡಕ್ಕೂ ಬಂದಿತು.

ಮೂರನೆಯದು ಶಬ್ದದ ಲಿಂಗ. ಇದೇ ಜಿಲ್ಲೆಯ ಹಾಡುವಳ್ಳಿಯ ಗುರುಪರಂಪರೆಗೆ ಸೇರಿದ ಭಟ್ಟಾಕಲಂಕನು 1604ರಲ್ಲಿ ರಚಿಸಿದ ಶಬ್ದಾನುಶಾಸನವು ಕನ್ನಡದ ವ್ಯಾಕರಣ. ಕನ್ನಡದಲ್ಲಿ ಆಮೆ, ಮೀನು, ಹಸು, ಹೋರಿ ಎಲ್ಲವೂ ಸಾಮಾನ್ಯವಾಗಿ ನಪುಂಸಕವೇ. ಹೋರಿ ‘ಬಂದಿತು’ ಎಂದ ಮಾತ್ರಕ್ಕೆ ಅದು ಗಂಡಲ್ಲವೆಂದು ಯಾರೂ ತಿಳಿಯುವುದಿಲ್ಲ. ಶಬ್ದ, ದ್ರವ್ಯ, ಭಾವ ಎಂಬ ಈ ಮೂರು ನೆಲೆಗಳನ್ನು ಬೆರಸಿದಾಗಲೇ ಅರ್ಥ ಕೆಡುತ್ತದೆ.

2. ಕಡಲತೀರದ ಸಾಕ್ಷ್ಯ

ಕಾರವಾರದ ದೇವಬಾಗ, ಮಾಜಾಳಿಗಳ ಮರಳದಂಡೆಗೂ ಅಂಕೋಲೆಯ ತೀರಕ್ಕೂ ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆಗಳಿದ್ದು, 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಶಾಸ್ತ್ರದ ಪರಿಭಾಷೆಯಲ್ಲಿ ಇವು ಅಂಡಜಗಳು, ಜಲಚರ ಪಂಚೇಂದ್ರಿಯ ತಿರ್ಯಂಚಗಳು.

ಮನುಷ್ಯನಲ್ಲಿಯೂ ಇತರ ಸ್ತನಿಗಳಲ್ಲಿಯೂ ಲಿಂಗನಿರ್ಣಯವು ಎಕ್ಸ್, ವೈ ಎಂಬ ವರ್ಣತಂತುಗಳಿಂದ ಆರಂಭವಾಗುತ್ತದೆ. ಆದರೂ ಮಾನವಭ್ರೂಣದ ಜನನಗ್ರಂಥಿಯು ಸುಮಾರು ಆರು ವಾರಗಳವರೆಗೆ ವೃಷಣವೂ ಅಲ್ಲ, ಅಂಡಾಶಯವೂ ಅಲ್ಲ; ಗಂಡಿನ ನಾಳ, ಹೆಣ್ಣಿನ ನಾಳ ಎರಡರ ಅಂಕುರಗಳೂ ಅದರೊಡನೆ ಇರುತ್ತವೆ. ವೈ ತಂತುವಿನಲ್ಲಿರುವ, 1990ರಲ್ಲಿ ಗುರುತಿಸಲಾದ ಎಸ್.ಆರ್.ವೈ. ಎಂಬ ಜೀನು ಆ ಗ್ರಂಥಿಯನ್ನು ವೃಷಣದ ಕಡೆಗೆ ತಿರುಗಿಸುತ್ತದೆ. ಆ ವೃಷಣದ ಸ್ರಾವಗಳಿಂದ ಮುಂದಿನ ಅವಯವರಚನೆ ನಡೆಯುತ್ತದೆ. ಒಂದು ಹೆಜ್ಜೆ ತಪ್ಪಿದರೆ ತಂತು ಒಂದು ಬಗೆ, ಅವಯವ ಇನ್ನೊಂದು ಬಗೆ ಆಗಬಹುದು. ಹಕ್ಕಿಗಳಲ್ಲಿ ಕ್ರಮ ತಿರುಗುಮುರುಗು. ಅಲ್ಲಿ ಭಿನ್ನ ತಂತುಗಳಿರುವುದು ಹೆಣ್ಣಿಗೆ.

ಕಡಲಾಮೆಯಲ್ಲಿ ಇಂಥ ಲಿಂಗತಂತುಗಳೇ ಇಲ್ಲ. ಮೊಟ್ಟೆಯು ಮರಳಿನಲ್ಲಿ ಕಾವು ಪಡೆಯುವ ಅವಧಿಯ ನಡುವಣ ಮೂರನೆಯ ಒಂದು ಭಾಗದಲ್ಲಿ ಮರಳಿನ ಉಷ್ಣತೆ ಎಷ್ಟಿದೆ ಎಂಬುದೇ ನಿರ್ಣಾಯಕ. ಸುಮಾರು 29ರಿಂದ 31 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಡು ಹೆಣ್ಣುಗಳು ಸಮಸಮವಾಗಿ ಹುಟ್ಟುತ್ತವೆ. ಅದಕ್ಕಿಂತ ತಂಪಾದರೆ ಗಂಡು ಹೆಚ್ಚು, ಬಿಸಿಯಾದರೆ ಹೆಣ್ಣು ಹೆಚ್ಚು. ಉಷ್ಣತೆಯ ಈ ಪಾತ್ರವನ್ನು ಮೊದಲು 1966ರಲ್ಲಿ ಸೆನೆಗಲ್ ದೇಶದ ಒಂದು ಓತಿಯಲ್ಲಿ ಮೆಡ್ಲೆನ್ ಶಾರ್ನಿಯೇ ಎಂಬ ವಿದುಷಿ ತೋರಿಸಿದರು. ನಮ್ಮ ಬೇಲಿಸಾಲಿನ ಓತಿಕೇತದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಷ್ಣತೆ ಏರುತ್ತ ಹೋದಂತೆ ಹೆಣ್ಣು, ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಎಂಬ ಸರದಿ ಕಂಡುಬಂದಿತು.

ಎರಡನೆಯ ಜೀವಿ, ಕಾರವಾರದವರು ಕೊಂಕಣಿಯಲ್ಲಿ ಚೊಣಕ ಎನ್ನುವ ಮೀನು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕಾರವಾರ ಕೇಂದ್ರವು ಇದನ್ನು ಕಡಲ ಪಂಜರಗಳಲ್ಲಿ ಸಾಕಿ ತೋರಿಸಿದೆ. ಈ ಮೀನು ಮೊದಲು ಗಂಡಾಗಿ ಪಕ್ವವಾಗಿ, ಕೆಲವು ವರ್ಷಗಳ ಅನಂತರ ಹೆಣ್ಣಾಗಿ ಮಾರ್ಪಡುತ್ತದೆ.

ಇಲ್ಲಿ ಒಂದು ಶಂಕೆ ಹುಟ್ಟುತ್ತದೆ. ವೇದವು ಕಷಾಯದಂತೆ ಕ್ಷಣಕ್ಷಣಕ್ಕೆ ಬದಲಾಗದೆ ಹುಟ್ಟಿನಿಂದ ಸಾವಿನವರೆಗೆ ನಿಲ್ಲುತ್ತದೆಂಬುದು ಧವಲಾಕಾರರ ನಿರ್ಣಯ. ಒಂದೇ ಜನ್ಮದಲ್ಲಿ ದೇಹದ ಲಿಂಗವೇ ಬದಲಾಗುವುದನ್ನೂ ಶಾಸ್ತ್ರವು ಎಣಿಸಿಲ್ಲ. ಚೊಣಕ ಮೀನಿನ ವೃತ್ತಾಂತ ಇದಕ್ಕೆ ಹೊಂದುವುದಿಲ್ಲ. ಪಂಚೇಂದ್ರಿಯ ಜಲಚರಗಳಲ್ಲಿಯೂ ಸಮ್ಮೂರ್ಛನಜನ್ಮವಿದೆ ಎಂಬ ಮಾತನ್ನು ಜೀವಶಾಸ್ತ್ರವು ಒಪ್ಪುವುದಿಲ್ಲ. ಬೆನ್ನೆಲುಬುಳ್ಳ ಯಾವ ಪ್ರಾಣಿಯೂ ಅಂಡವಿಲ್ಲದೆ ಹುಟ್ಟದು. ಈ ವಿರೋಧಗಳನ್ನು ವ್ಯಾಖ್ಯಾನಬಲದಿಂದ ಮುಚ್ಚುವುದಕ್ಕಿಂತ ವಿರೋಧಗಳೆಂದೇ ಬರೆದಿಡುವುದು ಲೇಸು. ನಾಮಕರ್ಮವನ್ನು ಜೀನು ಎಂದೂ ನೋಕಷಾಯವನ್ನು ಸ್ರಾವವೆಂದೂ ಸಮೀಕರಿಸಿದರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅನ್ಯಾಯವಾಗುತ್ತದೆ. ಆಚಾರ್ಯರ ವಿಷಯ ಜೀವದ ಬಂಧ ಮತ್ತು ಬಿಡುಗಡೆ. ವಿಜ್ಞಾನಿಗಳ ವಿಷಯ ಅಂಗಗಳ ಉತ್ಪತ್ತಿ.

3. ‘ಸಂಜದ’ ಪಾಠ

ಹಾಗಾದರೆ ಎರಡನ್ನೂ ಜೊತೆಯಲ್ಲಿಡುವುದರಿಂದ ಫಲವೇನು? ಉತ್ತರ ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿದೆ. ಮನುಷ್ಯಿಣಿಯರಿಗೆ ಪರ್ಯಾಪ್ತ ಸ್ಥಿತಿಯಲ್ಲಿ ಮಾತ್ರ ಒದಗುವ ಗುಣಸ್ಥಾನಗಳು ಯಾವುವು ಎಂಬುದು ಅದರ ವಿಷಯ. ಹೀರಾಲಾಲ ಜೈನರು 1939ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದಾಗ ಅವರ ಕೈಯಲ್ಲಿದ್ದದ್ದು ಮೂಡಬಿದಿರೆಯ ತಾಳೆಯೋಲೆಗಳಲ್ಲ, ಅವುಗಳಿಂದ ಇಳಿದುಬಂದ ಕಾಗದದ ಪ್ರತಿಗಳು. ಆ ಪ್ರತಿಗಳ ಪಟ್ಟಿ ಸಂಯತಾಸಂಯತ ಎಂಬ ಐದನೆಯ ಗುಣಸ್ಥಾನಕ್ಕೇ ನಿಂತಿತ್ತು. ಮುಂದೆ ‘ಸಂಜದ’, ಅಂದರೆ ಸಂಯತ, ಎಂಬ ಪದವೊಂದು ಬಿಟ್ಟುಹೋಗಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು.

ಇದಕ್ಕೆ ಪ್ರಬಲ ವಿರೋಧ ಬಂದಿತು. ಸಂಯತವೆಂದರೆ ಮಹಾವ್ರತದ ಸ್ಥಾನ. ಅದನ್ನು ಸ್ತ್ರೀಗೆ ಹೇಳಿದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾಗುತ್ತದೆ ಎಂಬುದು ವಿರೋಧಿಗಳ ಆತಂಕ. ಈ ಆತಂಕಕ್ಕೆ ಕರ್ನಾಟಕದಲ್ಲಿ ದೀರ್ಘ ಇತಿಹಾಸವಿದೆ. ಕದಂಬರ ತಾಮ್ರಶಾಸನಗಳಲ್ಲಿಯೇ ಯಾಪನೀಯರಿಗೆ ದಾನವಿತ್ತ ಉಲ್ಲೇಖವಿದೆ. ಆ ಸಂಘದ ಶಾಕಟಾಯನನು ಅಮೋಘವರ್ಷನ ಕಾಲದಲ್ಲಿ ಸ್ತ್ರೀನಿರ್ವಾಣವನ್ನು ಸಮರ್ಥಿಸಿ ಪ್ರಕರಣವನ್ನೇ ಬರೆದನು. ಪ್ರಭಾಚಂದ್ರನು ನ್ಯಾಯಕುಮುದಚಂದ್ರದಲ್ಲಿ ಆ ಪಕ್ಷವನ್ನು ಖಂಡಿಸಿದನು.

ಆದರೆ ವೀರಸೇನರ ಟೀಕೆಯನ್ನು ಓದಿದರೆ ಸಂಶಯಕ್ಕೆ ಎಡೆಯಿಲ್ಲ. ಈ ಆರ್ಷವಚನದಿಂದ ದ್ರವ್ಯಸ್ತ್ರೀಯರಿಗೆ ಮುಕ್ತಿ ಸಿದ್ಧವಾಗದೆ ಎಂಬ ಪ್ರಶ್ನೆಯನ್ನು ಅವರೇ ಎತ್ತಿ, ಹಾಗಾಗದೆಂದು ಉತ್ತರಿಸಿ, ಹದಿನಾಲ್ಕು ಗುಣಸ್ಥಾನಗಳ ಮಾತು ಭಾವಸ್ತ್ರೀಗೆ ಸಂಬಂಧಿಸಿದ್ದೆಂದು ಸಮಾಧಾನ ಹೇಳುತ್ತಾರೆ. ಸೂತ್ರದಲ್ಲಿ ‘ಸಂಜದ’ ಇಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಮುಂದೆ ಮೂಡಬಿದಿರೆಯ ತಾಳೆಯೋಲೆಗಳೊಡನೆ ಪಾಠವನ್ನು ಹೋಲಿಸಿದಾಗ ಆ ಪದವು ಅಲ್ಲಿ ಇದ್ದಿತು. ಹಳಗನ್ನಡ ಲಿಪಿಯ ಆ ಓಲೆ ವಿವಾದಕ್ಕೆ ಸಾಕ್ಷಿ ನುಡಿಯಿತು.

ಪದವನ್ನು ಕೈಬಿಡಬೇಕೆಂದವರು ಮನುಷ್ಯಿಣಿ ಎಂಬ ಶಬ್ದದ ಸ್ತ್ರೀಲಿಂಗವನ್ನು ನೋಡಿ ದ್ರವ್ಯಸ್ತ್ರೀಯೆಂದು ತಿಳಿದರು. ಟೀಕಾಕಾರರು ಭಾವವೇದವನ್ನು ಹಿಡಿದರು. ಟೀಕಾಕಾರರ ಸಿದ್ಧಾಂತವನ್ನು ಒಪ್ಪುವುದೂ ಬಿಡುವುದೂ ಓದುಗರಿಗೆ ಸೇರಿದ್ದು. ಸ್ತ್ರೀಯರ ಅಧಿಕಾರದ ಪ್ರಶ್ನೆಯನ್ನು ವಾದದಿಂದ ಬಗೆಹರಿಸಬಹುದು. ಓಲೆಯ ಪದವನ್ನು ಅಳಿಸಿ ಬಗೆಹರಿಸಲಾಗದು.

4. ಉಪಸಂಹಾರ

ಕಡಲಾಮೆಯ ಮರಿಯನ್ನು ಹೊರಗಿನಿಂದ ನೋಡಿ ಗಂಡೋ ಹೆಣ್ಣೋ ಎಂದು ಹೇಳಲಾಗುವುದಿಲ್ಲ. ಮರಳಿನ ಬಿಸಿಯನ್ನು ಅಳೆದವನು ಅಂದಾಜು ಮಾಡಬಲ್ಲನು, ಒಳಗ್ರಂಥಿಯನ್ನು ಪರೀಕ್ಷಿಸಿದವನು ನಿಶ್ಚಯಿಸಬಲ್ಲನು. ಲಿಂಗವೆಂಬ ಒಂದೇ ಮಾತು ಹಲವು ನೆಲೆಗಳಲ್ಲಿ ನಡೆಯುತ್ತದೆ, ಯಾವ ನೆಲೆಯ ಮಾತೆಂದು ಮೊದಲು ಕೇಳಬೇಕು ಎಂಬ ವಿವೇಕ ಓಲೆಯನ್ನು ಓದುವವನಿಗೂ ಬೇಕು, ಮೊಟ್ಟೆಯನ್ನು ಕಾಯುವವನಿಗೂ ಬೇಕು. ತಾಪಮಾನ ಏರುತ್ತಿರುವ ಈ ಕಾಲದಲ್ಲಿ ಗೂಡಿನ ಮೊಟ್ಟೆಗಳನ್ನು ರಕ್ಷಣೆಗೆಂದು ಬೇರೆಡೆಗೆ ಒಯ್ದು ಬರಿಯ ಬಿಸಿಲಿನಲ್ಲಿ ಹೂತರೆ ಹುಟ್ಟುವುದೆಲ್ಲ ಹೆಣ್ಣೇ ಆಗಬಹುದು; ನೆರಳು ಹೆಚ್ಚಾದರೆ ಗಂಡುಗಳೇ ಹೆಚ್ಚಬಹುದು. ಜೀವದಯೆಯಿಂದ ಮಾಡಿದ ಕೆಲಸವೂ ಅರಿವಿಲ್ಲದಿದ್ದರೆ ಸಂತತಿಗೆ ಹಾನಿ ತಂದೀತು. ಜ್ಞಾನ ಮೊದಲು, ದಯೆ ಆಮೇಲೆ ಎಂಬ ಜೈನ ಕ್ರಮಕ್ಕೆ ಕಾರವಾರ, ಅಂಕೋಲೆಗಳ ಮರಳದಂಡೆಯಲ್ಲಿ ಹೀಗೊಂದು ಪ್ರತ್ಯಕ್ಷ ನಿದರ್ಶನವಿದೆ.